ಗಾಲಿಯಿಂದ ಮೇಲಕ್ಕೆ: ನ್ಯಾರೋ ಗೇಜ್ ಮಾದರಿ ರೈಲಿಗೆ ವ್ಯಾಗನ್ ಕಟ್ಟುವುದು

ವ್ಯಾಗನ್ ಕಟ್ಟಲು ಕೂತವರು ಹೆಚ್ಚಾಗಿ ಮೇಲಿನ ಪೆಟ್ಟಿಗೆಯಿಂದ ಶುರು ಮಾಡುತ್ತಾರೆ. ಹಲಗೆ ಜೋಡಿಸುತ್ತಾರೆ, ಬಣ್ಣ ಹೊಡೆಯುತ್ತಾರೆ, ಚಂದ ಕಂಡ ಮೇಲೆ ಅಡಿಗೆ ಹೇಗೋ ಗಾಲಿ ಸಿಕ್ಕಿಸುತ್ತಾರೆ. ಅಂಥ ಗಾಡಿ ಮೊದಲ ತಿರುವಿನಲ್ಲೇ ಹಳಿ ಬಿಡುತ್ತದೆ. ಹಾಗಾಗಿ ನಾನು ಹೇಳುವ ಕ್ರಮ ತಿರುಗಾಮುರುಗ. ಮೊದಲು ಗಾಲಿ, ಆಮೇಲೆ ಚೌಕಟ್ಟು, ಆಮೇಲೆ ತೂಕ. ಹಲಗೆ, ಬಣ್ಣ ಎಲ್ಲ ಕೊನೆಗೆ. ಬರಿಯ ಚೌಕಟ್ಟು ಸರಿಯಾಗಿ ಓಡದೆ ಮೇಲಿನ ಕೆಲಸಕ್ಕೆ ಕೈ ಹಾಕಲೇಬೇಡಿ.

ನಾನು ಕುಮಟಾದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸುತ್ತಿದ್ದವಳು. ನಿವೃತ್ತಿಯಾಗಿದೆ, ಆದರೆ ಪೇಟೆಗೆ ಹೋದರೆ ಈಗಲೂ 'ಅಕ್ಕೋರೇ' ಅಂತಲೇ ಕರೆಯುತ್ತಾರೆ. ನನ್ನ ಲೇಔಟಿನ (ಹಲಗೆಯ ಮೇಲೆ ಹಳಿ ಹಾಸಿ ಕಟ್ಟಿದ ಪುಟ್ಟ ರೈಲು ದಾರಿಯ) ರೈಲು ನಿಜದಲ್ಲಿ ಎಂದೂ ಓಡಿದ್ದಲ್ಲ. ಕುಮಟಾ ಬಂದರಿನಿಂದ ಹೊರಟು ಕತಗಾಲ, ದೇವಿಮನೆ ಘಟ್ಟ, ರಾಗಿಹೊಸಳ್ಳಿ ದಾಟಿ ಶಿರಸಿ ಸೇರುವ 2 ಅಡಿ 6 ಇಂಚು ಗೇಜಿನ (ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ) ಸಣ್ಣ ರೈಲು ಅದು. ಶಿರಸಿಗೆ ಇವತ್ತಿಗೂ ರೈಲಿಲ್ಲ. ಕರಾವಳಿಯಲ್ಲಿ ಕೊಂಕಣ ರೈಲ್ವೆಯ ಪೂರ್ತಿ ದಾರಿ ತೆರೆದದ್ದು 1998ರಲ್ಲಿ, ಅದೂ ಬ್ರಾಡ್ ಗೇಜ್.

ಆದರೆ ಇದು ಪೂರಾ ಹಗಲುಗನಸೂ ಅಲ್ಲ. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋಯಿತು. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು. 1880ರ ದಶಕದಲ್ಲಿ ಮಾರ್ಮಗೋವಾ ಬಂದರಿಗೆ ರೈಲು ಬಂತು, ವ್ಯಾಪಾರ ಅತ್ತ ತಿರುಗಿತು. ಆಗ ನಮ್ಮೂರ ವ್ಯಾಪಾರಿಗಳು ಕೈಕಟ್ಟಿ ಕೂರದೆ ಖರ್ಚು ಕಡಿಮೆಯ ಒಂದು ಲೈಟ್ ರೈಲ್ವೆ ಹಾಕಿಸಿದ್ದರೆ? ನನ್ನ ಲೇಔಟ್ ಆ ಪ್ರಶ್ನೆಯ ಮೇಲೆ ನಿಂತಿದೆ.

ಕತೆ ಯಾಕೆ ಬೇಕು ಅಂದರೆ, ಸರಕು ಯಾವುದು ಅಂತ ಗೊತ್ತಿಲ್ಲದೆ ವ್ಯಾಗನ್ ಯಾವುದು ಅಂತ ತಿಳಿಯುವುದಿಲ್ಲ. ನನ್ನ ರೈಲಿನಲ್ಲಿ ಘಟ್ಟ ಇಳಿಯುವುದು ಹತ್ತಿ, ಅಡಿಕೆ, ಸಾಗವಾನಿ ದಿಮ್ಮಿ. ಹತ್ತುವುದು ಸಾಣಿಕಟ್ಟಾದ ಉಪ್ಪು, ಮಂಗಳೂರು ಹೆಂಚು. ಅಲ್ಲಿಗೆ ಎರಡು ಬಗೆಯ ಗಾಡಿ ಸಾಕು: ಮೇಲೆ ತೆರೆದ ನಾಲ್ಕು ಗಾಲಿಯ ವ್ಯಾಗನ್ ಒಂದು, ದಿಮ್ಮಿ ಸಾಗಿಸುವ ಜೋಡಿ ಟ್ರಕ್ (ಲಾರಿಯಲ್ಲ, ನಾಲ್ಕು ಗಾಲಿಯ ಗಿಡ್ಡ ಚೌಕಟ್ಟು) ಒಂದು. ನಿಮ್ಮ ಕತೆ ಬೇರೆ ಇದ್ದರೆ ಗಾಡಿಯೂ ಬೇರೆ.

ಕಾಲು ಇಂಚಿಗೆ ಒಂದಡಿ

ನಾನು ಆರಿಸಿದ ಅಳತೆ 1:48, ಅಂದರೆ ನಿಜದ ಗಾಡಿಯ 48ರಲ್ಲಿ ಒಂದು ಪಾಲು. ಹಳಿ ಮಾತ್ರ ಪೇಟೆಯಲ್ಲಿ ಸುಲಭವಾಗಿ ಸಿಗುವ, 1:87 ಮಾದರಿ ರೈಲುಗಳಿಗಾಗಿ ಮಾಡಿದ 16.5 ಮಿ.ಮೀ. ಎಚ್‌ಒ ಹಳಿ. ಲೆಕ್ಕ ನೋಡಿ. 2 ಅಡಿ 6 ಇಂಚು ಅಂದರೆ 762 ಮಿ.ಮೀ. ಅದನ್ನು 48ರಿಂದ ಭಾಗಿಸಿದರೆ 15.9 ಬರುತ್ತದೆ. ನಮ್ಮ ಹಳಿ 16.5. ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ಅಗಲ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಈ ಅಳತೆಯ ಇನ್ನೊಂದು ಸುಖ ಏನೆಂದರೆ, ನಿಜದ ಒಂದಡಿ ಮಾದರಿಯಲ್ಲಿ ಸರಿಯಾಗಿ ಕಾಲು ಇಂಚು. 12 ಅಡಿ ಉದ್ದದ ವ್ಯಾಗನ್ ಬೇಕಾ? 3 ಇಂಚು. 6 ಅಡಿ ಅಗಲವಾ? ಒಂದೂವರೆ ಇಂಚು. ಟೈಲರ್ ಟೇಪ್ ಹಿಡಿದೇ ಕೆಲಸ ಮಾಡಬಹುದು. ಅರವತ್ತು ದಾಟಿದ ಕಣ್ಣಿಗೂ ಇದು ಹಿತ.

ಜಾಗ ಕಡಿಮೆ ಇದ್ದವರು 1:87ರಲ್ಲಿ 9 ಮಿ.ಮೀ. ಹಳಿ ಹಿಡಿಯಲಿ. 762 ಭಾಗಿಸು 87 ಅಂದರೆ 8.76, ಇದು ಇನ್ನೂ ಹತ್ತಿರದ ಹೊಂದಿಕೆ. ಡಾರ್ಜಿಲಿಂಗ್ ಅಥವಾ ಮಾಥೇರಾನ್ ರೈಲು ಇಷ್ಟವಿದ್ದರೆ ಅವು 2 ಅಡಿ ಗೇಜ್ ಅನ್ನುವುದು ನೆನಪಿರಲಿ, ಲೆಕ್ಕ ಬೇರೆ ಆಗುತ್ತದೆ. 2 ಅಡಿ 6 ಇಂಚು ಅಂದರೆ ಕಾಲ್ಕಾ–ಶಿಮ್ಲಾ, ನಮ್ಮ ಕಡೆಯದೇ ಹೇಳುವುದಾದರೆ ಹಿಂದೆ ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ಹಾದ ಸಣ್ಣ ರೈಲು.

ಗಾಲಿ

ಗಾಲಿ ಮನೆಯಲ್ಲಿ ಮಾಡಲು ಹೋಗಬೇಡಿ. ಇದೊಂದನ್ನು ಕೊಂಡುಕೊಳ್ಳಿ. ಬ್ರಿಟನ್ನಿನ ಒಒ ಅಳತೆಯ (ಅದೂ ಇದೇ 16.5 ಮಿ.ಮೀ. ಹಳಿಯ ಮೇಲೆ ಓಡುತ್ತದೆ) ವ್ಯಾಗನ್ ಗಾಲಿ 12.6 ಮಿ.ಮೀ. ವ್ಯಾಸದ್ದು ಸಿಗುತ್ತದೆ. 1:48ರಲ್ಲಿ ಅದು ಹೆಚ್ಚುಕಡಿಮೆ 2 ಅಡಿಯ ಗಾಲಿ. ಸಣ್ಣ ರೈಲಿನ ವ್ಯಾಗನ್ನಿಗೆ ಅಳೆದು ಮಾಡಿದ ಹಾಗಿದೆ. ಆಕ್ಸಲ್, ಅಂದರೆ ಎರಡು ಗಾಲಿ ಜೋಡಿಸುವ ಸರಳಿನ ತುದಿ, ಸೂಜಿಮೊನೆಯಂತೆ ಚೂಪಾಗಿರುವುದನ್ನೇ ಆರಿಸಿ. ಪಿನ್‌ಪಾಯಿಂಟ್ ಅಂತ ಕೇಳಿದರೆ ಕೊಡುತ್ತಾರೆ. ಚೂಪು ತುದಿ ಹಿತ್ತಾಳೆಯ ಪುಟ್ಟ ಬಟ್ಟಲಿನೊಳಗೆ ಕೂತು ತಿರುಗುತ್ತದೆ, ತಿಕ್ಕಾಟ ತೀರಾ ಕಡಿಮೆ. ಆ ಬಟ್ಟಲುಗಳನ್ನೂ ಗಾಲಿಯ ಜೊತೆಗೇ ತರಿಸಿ. ಹೊರ ವ್ಯಾಸ 2 ಮಿ.ಮೀ. ಇರುವುದು ಸರಿ.

ಮೂರು ವಿಷಯ ಪರೀಕ್ಷಿಸಿ. ಒಂದು, ಲೋಹದ ಗಾಲಿಯಾದರೆ ಎರಡರಲ್ಲಿ ಒಂದಾದರೂ ಆಕ್ಸಲ್‌ನಿಂದ ವಿದ್ಯುತ್ ದಾಟದ ಹಾಗೆ ಪ್ಲಾಸ್ಟಿಕ್ ತುಂಡಿನ ಮೇಲೆ ಕೂತಿರಬೇಕು. ಎಂಜಿನಿಗೆ ಕರೆಂಟು ಹಳಿಯಲ್ಲೇ ಬರುತ್ತದೆ, ಇಲ್ಲವಾದರೆ ಎರಡೂ ಹಳಿ ಸೇರಿ ಶಾರ್ಟ್ ಆಗುತ್ತದೆ. ಎರಡು, ಗಾಲಿಗಳ ಒಳಮೈ ನಡುವಿನ ಅಂತರ 14.4–14.5 ಮಿ.ಮೀ. ಇರಬೇಕು. ವರ್ನಿಯರ್ ಕ್ಯಾಲಿಪರ್ ಇದ್ದರೆ ಅಳೆಯಿರಿ. ಕೊಂಡು ತಂದ ಗಾಲಿಯಲ್ಲೂ ಇದು ಸರಿ ಇರುತ್ತದೆ ಅಂತ ನಂಬಬೇಡಿ. ಹಗುರವಾಗಿ ತಿರುಚುತ್ತಾ ಎಳೆದರೆ ಸರಿಹೋಗುತ್ತದೆ. ಮೂರು, ಬೆರಳಲ್ಲಿ ಹಿಡಿದು ತಿರುಗಿಸಿ ಗಾಲಿ ಅಲುಗಾಡುತ್ತದಾ ನೋಡಿ. ಅಲುಗಾಡುವುದನ್ನು ತೆಗೆದಿಟ್ಟು ಗುಜರಿ ಯಾರ್ಡಿನ ದೃಶ್ಯಕ್ಕೆ ಬಳಸಿ.

ತಳ: ಹಳೆಯ ಎಟಿಎಂ ಕಾರ್ಡು

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಈ ಹವೆಯಲ್ಲಿ ರಟ್ಟು ಉಬ್ಬುತ್ತದೆ, ತೆಳು ಮರ ಅಡ್ಡಕ್ಕೆ ಹಿಗ್ಗುತ್ತದೆ, ಡಿಸೆಂಬರಿನಲ್ಲಿ ಮತ್ತೆ ಕುಗ್ಗುತ್ತದೆ. ಹಾಗಾಗಿ ಗಾಡಿಯ ಎಲುಬು ಮರದ್ದಾಗಲೀ ರಟ್ಟಿನದ್ದಾಗಲೀ ಬೇಡ. ಪ್ಲಾಸ್ಟಿಕ್ ಇರಲಿ. ಮರ ಬರೀ ಮೇಲುಹೊದಿಕೆಗೆ.

ವಿದೇಶದವರು ಸ್ಟೈರೀನ್ ಹಾಳೆ ಬಳಸುತ್ತಾರೆ. ತರಿಸಿಕೊಳ್ಳಬಹುದು, ಒಳ್ಳೆಯದೇ. ನನಗೆ ಅದಕ್ಕಿಂತ ಅವಧಿ ಮುಗಿದ ಎಟಿಎಂ ಕಾರ್ಡು ಹೆಚ್ಚು ಇಷ್ಟ. ಎಲ್ಲ ಕಾರ್ಡೂ ಒಂದೇ ಅಳತೆ: 85.6 × 54 ಮಿ.ಮೀ., ದಪ್ಪ 0.76 ಮಿ.ಮೀ. ನಮಗೆ ಬೇಕಾದ ತಳ 76 × 38 ಮಿ.ಮೀ., ಅಂದರೆ 3 ಇಂಚು × ಒಂದೂವರೆ ಇಂಚು. ಒಂದು ಕಾರ್ಡಿನಲ್ಲಿ ಒಂದು ತಳ ಕೂತು, ಮಿಕ್ಕ ಪಟ್ಟಿ ಬೇರೆ ಭಾಗಗಳಿಗೆ ಆಗುತ್ತದೆ. ಉಬ್ಬಿದ ಅಂಕಿ ಇಲ್ಲದ ಕಾರ್ಡು ಆರಿಸಿ. ಚಿಪ್ ಕಿತ್ತು ಕತ್ತರಿಸಿ ಬಿಸಾಡಿ, ಹಿಂದಿನ ಕಪ್ಪು ಪಟ್ಟಿಯನ್ನೂ ಉಜ್ಜಿ ತೆಗೆಯಿರಿ. ಬ್ಯಾಂಕಿನ ವಿಷಯ, ಹುಷಾರಾಗಿರುವುದು ಒಳ್ಳೆಯದು.

ಕಾರ್ಡನ್ನು ಕತ್ತರಿಯಿಂದ ಕತ್ತರಿಸಬೇಡಿ, ಅಂಚು ಬಾಗುತ್ತದೆ. ಸ್ಟೀಲ್ ಪಟ್ಟಿ ಇಟ್ಟು ಕಟರ್‌ನಿಂದ ನಾಲ್ಕೈದು ಸಲ ಗೀರಿ, ಆಮೇಲೆ ಮಡಚಿದರೆ ಟಕ್ಕೆಂದು ಮುರಿಯುತ್ತದೆ. ಎರಡು ತಳ ಕತ್ತರಿಸಿ. ಎರಡರ ಮೈಯನ್ನೂ ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ತೆಗೆದು ಒಂದಕ್ಕೊಂದು ಅಂಟಿಸಿ. ಪಿವಿಸಿ ಪೈಪಿಗೆ ಹಚ್ಚುವ ಸಲ್ಯೂಷನ್ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ. ತೀರಾ ತೆಳ್ಳಗೆ ಹಚ್ಚಬೇಕು, ಜಾಸ್ತಿಯಾದರೆ ಕಾರ್ಡೇ ಕರಗಿ ಸೊಟ್ಟಗಾಗುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ವಾಸನೆ ತಲೆಗೇರುತ್ತದೆ. ಎರಡು ಗಾಜಿನ ಮಧ್ಯೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ತಳದ ಅಡಿಗೆ ಉದ್ದಕ್ಕೆ ಎರಡು ತೊಲೆ ಬರಬೇಕು. ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿಯಲ್ಲಿ ಸನ್‌ಬೋರ್ಡಿನ ಚೂರು ಕೇಳಿ, ಬಿಸಾಡುವುದನ್ನೇ ಕೊಡುತ್ತಾರೆ. ಅದು ಹಗುರವಾದ ಪ್ಲಾಸ್ಟಿಕ್ ಫೋಮಿನ ಹಲಗೆ. 3 ಮಿ.ಮೀ. ದಪ್ಪದ್ದರಿಂದ ಮೂರೂವರೆ ಮಿ.ಮೀ. ಎತ್ತರದ ಪಟ್ಟಿ ಕತ್ತರಿಸಿದರೆ ಸರಿಯಾದ ತೊಲೆ.

ಕೆಲಸ ಕೆಡುವ ಜಾಗ

ಆಕ್ಸಲ್ ಹಿಡಿಯುವ ನಾಲ್ಕು ಬಿಲ್ಲೆ ಬೇಕು. ಕಾರ್ಡಿನ ಉಳಿಕೆಯಿಂದ 12 ಮಿ.ಮೀ. ಅಗಲದ ನಾಲ್ಕು ತುಂಡು ಕತ್ತರಿಸಿ. ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿ ಸೆಲೋಟೇಪಿನಿಂದ ಬಿಗಿದು, ಒಂದೇ ಸಲಕ್ಕೆ 2 ಮಿ.ಮೀ. ತೂತು ಕೊರೆಯಿರಿ. ಬೇರೆ ಬೇರೆ ಕೊರೆದರೆ ಒಂದು ಕೂದಲೆಳೆ ಮೇಲೆ, ಇನ್ನೊಂದು ಕೆಳಗೆ. ಒಟ್ಟಿಗೆ ಕೊರೆದರೆ ತಪ್ಪಿದರೂ ನಾಲ್ಕೂ ಒಂದೇ ಹಾಗೆ ತಪ್ಪುತ್ತವೆ, ಗಾಡಿ ಕುಂಟುವುದಿಲ್ಲ.

ತೂತಿನ ಎತ್ತರ ಎಷ್ಟು? ಗಾಲಿಯ ಅರ್ಧ ವ್ಯಾಸ 6.3 ಮಿ.ಮೀ., ಹೊರಚಾಚಿದ ಅಂಚು ಸೇರಿ ಸುಮಾರು 7. ಮೇಲೆ 1 ಮಿ.ಮೀ. ಬಿಡುವು ಬೇಕು. ಹಾಗಾಗಿ ತಳದ ಅಡಿಯಿಂದ ತೂತಿನ ನಡುವಿಗೆ 8 ಮಿ.ಮೀ. ಇಡಿ.

ಬಿಲ್ಲೆಗೆ ಹಿತ್ತಾಳೆ ಬಟ್ಟಲು ಕೂರಿಸಿ. ಒಂದು ಬದಿಯ ಎರಡು ಬಿಲ್ಲೆಯನ್ನು ತೊಲೆಯ ಒಳಮೈಗೆ ಅಂಟಿಸಿ. ಎರಡು ಬಿಲ್ಲೆಗಳ ತೂತಿನ ಅಂತರ ಒಂದೂವರೆ ಇಂಚು. ಸೆಟ್ ಸ್ಕ್ವೇರ್ ಹಿಡಿದು ನೋಡಿ, ನೆಟ್ಟಗಿರಬೇಕು. ಇದು ಒಣಗಿದ ಮೇಲೆ ಆಕ್ಸಲ್ ಸಿಕ್ಕಿಸಿ, ಇನ್ನೊಂದು ಬದಿಯ ತೊಲೆ ಮತ್ತು ಬಿಲ್ಲೆ ಹತ್ತಿರ ತನ್ನಿ. ಎಷ್ಟು ಹತ್ತಿರ ಅನ್ನುವುದನ್ನು ಪುಸ್ತಕದ ಅಂಕಿಯಿಂದ ತಿಳಿಯಬೇಡಿ, ಗಾಲಿಯನ್ನೇ ಕೇಳಿ. ಆಕ್ಸಲ್ ಪಕ್ಕಕ್ಕೆ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ.ವರೆಗೆ ಅಲ್ಲಾಡಬೇಕು, ಊದಿದರೆ ತಿರುಗಬೇಕು. ಬಿಗಿಯಾದರೆ ನಿಲ್ಲುತ್ತದೆ, ಸಡಿಲವಾದರೆ ಕೆಳಗೆ ಜೋತುಬೀಳುತ್ತದೆ. ಸರಿ ಅನ್ನಿಸಿದಾಗ ಒಂದೊಂದು ಹನಿ ಫೆವಿಕ್ವಿಕ್ ಇಟ್ಟು ನಿಲ್ಲಿಸಿ, ಮತ್ತೊಮ್ಮೆ ಪರೀಕ್ಷಿಸಿ, ಆಮೇಲೆ ಗಟ್ಟಿ ಮಾಡಿ. ಬಟ್ಟಲಿನ ಒಳಗೆ ಅಂಟು ಹೋಗದ ಹಾಗೆ ನೋಡಿಕೊಳ್ಳಿ.

ಎರಡು ಆಕ್ಸಲ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಎಡಬದಿ ಗಾಲಿಗಳ ಅಂತರ, ಬಲಬದಿ ಗಾಲಿಗಳ ಅಂತರ ಅಳೆಯಿರಿ. ಎರಡೂ ಒಂದೇ ಇದ್ದು ಕರ್ಣಗಳೂ ಸಮ ಬಂದರೆ ಆಯತ ಸರಿ ಅಂತಾಯಿತು. ಒಂಬತ್ತನೇ ಕ್ಲಾಸಿನ ಪಾಠ, ಕೊನೆಗೂ ಒಂದು ಕೆಲಸಕ್ಕೆ ಬಂತು.

ಈಗ ಗಾಜಿನ ಮೇಲಿಡಿ. ಹಳೇ ಕನ್ನಡಿಯಾದರೂ ಆದೀತು. ನಾಲ್ಕು ಮೂಲೆಯನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ. ಟಕಟಕ ಅಂದರೆ ಒಂದು ಗಾಲಿ ಮೇಲೆದ್ದಿದೆ. ಆ ಬಿಲ್ಲೆ ಬಿಚ್ಚಿ ಮತ್ತೆ ಅಂಟಿಸಿ. ಇದಾದ ಮೇಲೆ ಒಂದು ಮೀಟರ್ ಹಳಿಯ ಒಂದು ತುದಿಯನ್ನು 2 ಸೆಂ.ಮೀ. ಎತ್ತಿ ಗಾಡಿ ಬಿಡಿ. ತಾನಾಗಿ ಅಥವಾ ಸುಮ್ನೆ ಮುಟ್ಟಿದರೆ ಹೊರಡಬೇಕು. ಹೊರಡದಿದ್ದರೆ ಗಾಲಿ ತಿರುಗಿಸಿ ನೋಡಿ ಎಲ್ಲಿ ತಿಕ್ಕುತ್ತದೆ ಅಂತ ಹುಡುಕಿ. ಎಣ್ಣೆ ಹಾಕಿ ಓಡಿಸುವುದು ಬೇಡ, ಧೂಳು ಕೂತು ಇನ್ನೂ ಕೆಡುತ್ತದೆ. 6ಬಿ ಪೆನ್ಸಿಲಿನ ಮೊನೆ ಕೆರೆದು ಆ ಪುಡಿಯನ್ನು ಬಟ್ಟಲಿಗೆ ಉದುರಿಸಿ.

ಹಳಿ ಹಾಸಿದ ಹಲಗೆ ಮಳೆಗಾಲದಲ್ಲಿ ತುಸು ಸೊಟ್ಟಗಾಗುವುದು ನಮ್ಮಲ್ಲಿ ಮಾಮೂಲು. ನಿಮ್ಮದೂ ಹಾಗಿದ್ದರೆ ಒಂದು ಆಕ್ಸಲನ್ನು ಅಲುಗುವ ಹಾಗೆ ಮಾಡಿ. ಆ ಆಕ್ಸಲಿನ ಎರಡು ಬಿಲ್ಲೆಯನ್ನು ತೊಲೆಗೆ ಅಂಟಿಸದೆ, ಒಂದು ಅಡ್ಡ ಪಟ್ಟಿಗೆ ಎರಡು ತುದಿಯಲ್ಲಿ ಅಂಟಿಸಬೇಕು. ಆ ಪಟ್ಟಿಯ ನಡುವೆ, ಗಾಡಿಯ ಉದ್ದಕ್ಕೆ, ಒಂದು ಗುಂಡುಸೂಜಿಯಷ್ಟು ದಪ್ಪದ ತಂತಿ ಮಲಗಿಸಿ ತಳಕ್ಕೆ ಹಿಡಿಸಿದರೆ ಪಟ್ಟಿ ಎಡಕ್ಕೂ ಬಲಕ್ಕೂ ತೂಗುತ್ತದೆ. ತಂತಿಯ ದಪ್ಪದಷ್ಟು ಬಿಲ್ಲೆಯನ್ನು ಗಿಡ್ಡ ಮಾಡಲು ಮರೆಯಬೇಡಿ. ಹಳಿ ಸಪಾಟಾಗಿದ್ದವರಿಗೆ ಈ ತಾಪತ್ರಯ ಬೇಡ.

ತೂಕ

ಅಮೆರಿಕದ ಮಾದರಿ ರೈಲು ಸಂಘದ ಎಚ್‌ಒ ಸೂತ್ರ ಹೀಗಿದೆ: ಮೂಲಕ್ಕೆ ಒಂದು ಔನ್ಸ್, ಆಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. 3 ಇಂಚಿನ ಗಾಡಿಗೆ ಎರಡೂವರೆ ಔನ್ಸ್, ಅಂದರೆ ಸುಮಾರು 71 ಗ್ರಾಂ. ಸಪಾಟು ಲೇಔಟಿಗೆ ಇದು ಸರಿ. ನನ್ನದರಲ್ಲಿ ಘಟ್ಟ ಇದೆ. ನಿಜದ ಕಾಲ್ಕಾ–ಶಿಮ್ಲಾ ದಾರಿಯ ಏರು 33ಕ್ಕೆ 1 (33 ಅಡಿ ಹೋದರೆ 1 ಅಡಿ ಏರು), ಮಾಥೇರಾನ್‌ದು 20ಕ್ಕೆ 1. ಅಂಥ ಏರಿನಲ್ಲಿ ಪುಟ್ಟ ಎಂಜಿನ್ ಭಾರ ಎಳೆಯುವುದಿಲ್ಲ. ನಾನು 50 ಗ್ರಾಮಿಗೆ ನಿಲ್ಲಿಸುತ್ತೇನೆ. ನಿಜ ಹೇಳಬೇಕೆಂದರೆ ಅಂಕಿಗಿಂತ ಮುಖ್ಯವಾದದ್ದು ಎಲ್ಲ ಗಾಡಿಯೂ ಒಂದೇ ತೂಕ ಇರುವುದು. ಭಾರದ ಗಾಡಿ ಹಿಂದೆ, ಹಗುರದ್ದು ಮುಂದೆ ಇದ್ದರೆ ತಿರುವಿನಲ್ಲಿ ಹಗುರದ್ದು ಒಳಗೆ ಉರುಳುತ್ತದೆ.

ತೂಕಕ್ಕೆ ಸೀಸ. ಕುಮಟಾದಲ್ಲಾಗಲೀ ಕಾರವಾರದಲ್ಲಾಗಲೀ ಬಲೆ ಸಾಮಾನಿನ ಅಂಗಡಿಗೆ ಹೋದರೆ ಬೀಸುಬಲೆಗೆ ಕಟ್ಟುವ ಸೀಸದ ಗುಂಡು ಸಿಗುತ್ತದೆ. ಗುಂಡನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ತಳದ ಅಡಿಗೆ, ಎರಡು ಆಕ್ಸಲ್ ನಡುವೆ ಕೂರಿಸಿ. ತೂಕ ಕೆಳಗಿದ್ದಷ್ಟೂ ಗಾಡಿ ನಿಲ್ಲುತ್ತದೆ. ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಉಜ್ಜಿ ಪುಡಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಇನ್ನೊಂದು ಮಾತು, ಇದು ಹಲವರಿಗೆ ಗೊತ್ತಿಲ್ಲ. ಸೀಸವನ್ನು ಫೆವಿಕಾಲಿನಂಥ ಬಿಳಿ ಅಂಟಿನಿಂದ ಅಂಟಿಸಲೇಬಾರದು. ಆ ಅಂಟಿನಿಂದ ಹೊರಡುವ ಆಮ್ಲ, ತೇವ ಎರಡೂ ಸೇರಿ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಪುಡಿ ಉಬ್ಬುತ್ತಾ ಹೋಗಿ ವರ್ಷಗಳ ಮೇಲೆ ಗಾಡಿಯ ಹೊಟ್ಟೆ ಒಡೆಯುತ್ತದೆ. ಅರಾಲ್ಡೈಟ್ ಬಳಸಿ.

ಹಲಗೆ, ಕಬ್ಬಿಣದ ಪಟ್ಟಿ

ಐಸ್‌ಕ್ರೀಮ್ ಕಡ್ಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದರ ದಪ್ಪ 2 ಮಿ.ಮೀ., ನಿಜದ ಅಳತೆಯಲ್ಲಿ ನಾಲ್ಕು ಇಂಚು ಹತ್ತಿರ ಆಯಿತು. ವ್ಯಾಗನ್ನಿಗೆ ಯಾರೂ ಅಷ್ಟು ದಪ್ಪ ಹಲಗೆ ಹಾಕುವುದಿಲ್ಲ. ಕಾಫಿ ಕಲಕುವ ಮರದ ಕಡ್ಡಿ ಇದಕ್ಕಿಂತ ತೆಳ್ಳಗೆ, ಅಗಲ ಐದಾರು ಮಿ.ಮೀ. ಮೂರು ಹಲಗೆ ನಿಲ್ಲಿಸಿದರೆ ಸುಮಾರು ಎರಡೂವರೆ ಅಡಿಯ ಗೋಡೆ ಆಗುತ್ತದೆ, ಉಪ್ಪಿಗೂ ಹೆಂಚಿಗೂ ತಕ್ಕ ಎತ್ತರ.

ಸಾಗವಾನಿಯೇ ಬೇಕು ಅನ್ನುವವರು ಬಡಗಿ ಹತ್ತಿರ ವಿನೀರ್ (ಮರದ ತೆಳು ಹಾಳೆ) ಚೂರು ಕೇಳಬಹುದು. ನಾನು ನಮ್ಮ ಆಚಾರಿಯ ಅಂಗಡಿಗೆ ಹೋಗಿ ಕಾಲು ಇಂಚಿನ ಲೆಕ್ಕ ವಿವರಿಸಿದಾಗ ಅವರು ಚೂರುಗಳ ರಾಶಿಯನ್ನೇ ಮುಂದಿಟ್ಟು, 'ಅಕ್ಕೋರೇ, ಇದೆಂತ, ಇರುವೆಗೆ ಗಾಡಿ ಕಟ್ತ್ರಾ?' ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಗೋಡೆಯನ್ನು ಬರೀ ಹಲಗೆಯಿಂದ ನಿಲ್ಲಿಸಬೇಡಿ. ಕಾರ್ಡಿನ ಒಂದು ಪಟ್ಟಿ ನಡುವೆ ಇಟ್ಟು, ಹೊರಗೊಂದು ಒಳಗೊಂದು ತೆಳು ಮರ ಅಂಟಿಸಿ. ಒಂದೇ ಬದಿಗೆ ಮರ ಹಚ್ಚಿದರೆ ಮಳೆಗಾಲದಲ್ಲಿ ಗೋಡೆ ಬಿಲ್ಲಾಗುತ್ತದೆ. ಎರಡೂ ಬದಿ ಇದ್ದರೆ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ. ಕಡ್ಡಿಯನ್ನು ಇದಕ್ಕಾಗಿ ಉಜ್ಜಿ ಅರ್ಧ ದಪ್ಪಕ್ಕೆ ಇಳಿಸಬೇಕು, ಸ್ವಲ್ಪ ಬೇಸರದ ಕೆಲಸ. ಮರವನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲು ಫೆವಿಕಾಲ್ ಆಗುವುದಿಲ್ಲ. ಫೆವಿಕ್ವಿಕ್ ಅಥವಾ ಚಪ್ಪಲಿ ರಿಪೇರಿಯವರು ಹಚ್ಚುವ ಹಳದಿ ರಬ್ಬರ್ ಅಂಟು ಬೇಕು. ಅಂಟಿಸುವ ಮೊದಲೇ ಮರಕ್ಕೆ ಬಣ್ಣ ಕುಡಿಸಿ, ಅಂಟು ಬಿದ್ದ ಜಾಗಕ್ಕೆ ಆಮೇಲೆ ಬಣ್ಣ ಹತ್ತುವುದಿಲ್ಲ.

ಮೂಲೆಯ ಕಬ್ಬಿಣದ ಪಟ್ಟಿ, ರಿವೆಟ್ ಬಗ್ಗೆ ನನ್ನದೊಂದು ಉಪಾಯ ಇದೆ. ಹೊಲಿಗೆ ಯಂತ್ರಕ್ಕೆ ದಾರ ಹಾಕದೆ, ಹೊಲಿಗೆಯ ಉದ್ದ 2 ಮಿ.ಮೀ.ಗೆ ಇಟ್ಟು, ಮದುವೆ ಕರೆಯೋಲೆಯಷ್ಟು ದಪ್ಪದ ಕಾಗದದ ಮೇಲೆ ಓಡಿಸಿ. ಹಿಂಬದಿಯಲ್ಲಿ ಸಾಲಾಗಿ ಉಬ್ಬು ಮೂಡುತ್ತದೆ. 2 ಮಿ.ಮೀ. ಅಂದರೆ ನಿಜದಲ್ಲಿ ನಾಲ್ಕು ಇಂಚಿಗೊಂದು ರಿವೆಟ್. ಹತ್ತಿರ ಹಿಡಿದು ನೋಡಿದರೆ ಸೂಜಿ ತೂತು ಕಾಣುತ್ತದೆ, ಆದರೆ ಎರಡು ಕೋಟ್ ಬಣ್ಣ ಬಿದ್ದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಕಾಗದಕ್ಕೆ ಮೊದಲು ಫೆವಿಕ್ವಿಕ್ ಕುಡಿಸಿದರೆ ತೇವವೂ ತಾಗುವುದಿಲ್ಲ. ಆ ಸೂಜಿಯನ್ನು ಮತ್ತೆ ಬಟ್ಟೆಗೆ ಬಳಸಬೇಡಿ, ಮೊನೆ ಹೋಗಿರುತ್ತದೆ.

ಕೊಂಡಿ

ಕೊಂಡಿ ಯಾವುದೇ ಇರಲಿ, ಎಲ್ಲ ಗಾಡಿಯಲ್ಲೂ ಒಂದೇ ಎತ್ತರದಲ್ಲಿ ಇರಬೇಕು. ಎಚ್‌ಒ ನಕಲ್ ಕಪ್ಲರ್ (ಮಡಚಿದ ಬೆರಳಿನಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಕೊಂಡಿ) ಹಾಕುವುದಾದರೆ ಅದರ ನಡು ಹಳಿಯ ಮೇಲ್ಮೈಯಿಂದ 9.9 ಮಿ.ಮೀ. ಎತ್ತರಕ್ಕೆ ಬರಬೇಕು. ಒಂದು ಮರದ ತುಂಡಿಗೆ ಆ ಎತ್ತರದಲ್ಲಿ ಗೀರು ಹಾಕಿ ಹಳಿಯ ತುದಿಗೆ ನಿಲ್ಲಿಸಿಕೊಂಡರೆ ಪ್ರತಿ ಗಾಡಿಗೂ ಅಳೆಯುವ ಕೆಲಸ ತಪ್ಪುತ್ತದೆ.

ನಾನು ಖರ್ಚು ಉಳಿಸುತ್ತೇನೆ. ನಾಲ್ಕು ಗಾಡಿಯ ಒಂದು ಸಾಲು ಮಾಡಿ, ಒಳಗೆಲ್ಲ ಗಟ್ಟಿ ತಂತಿಯ ಸರಳು, ಎರಡು ತುದಿಗೆ ಮಾತ್ರ ಕಪ್ಲರ್. ಘಟ್ಟದ ರೈಲಿನ ಸಾಲನ್ನು ದಿನಾ ಯಾರು ಬಿಡಿಸುತ್ತಾರೆ ಹೇಳಿ? ಸರಳಿನ ಎರಡು ತುದಿಯಲ್ಲಿ ಸುರುಳಿ ಬಗ್ಗಿಸಿ ತಳದ ಪುಟ್ಟ ಸ್ಕ್ರೂಗೆ ಸಡಿಲವಾಗಿ ಸಿಕ್ಕಿಸಬೇಕು. ಗಾಡಿಗಳ ನಡುವಿನ ಅಂತರವನ್ನು ನಿಮ್ಮ ಲೇಔಟಿನ ಅತಿ ಬಿಗಿಯಾದ ತಿರುವಿನಲ್ಲಿ ನಿಲ್ಲಿಸಿ ತೀರ್ಮಾನಿಸಿ. ಸರಪಳಿ ನೋಡಲು ಚಂದ, ಆದರೆ ಹಿಂದಕ್ಕೆ ತಳ್ಳುವಾಗ ಗಾಡಿ ಗಾಡಿಗೆ ಡಿಕ್ಕಿ ಹೊಡೆಯುತ್ತದೆ.

ದಿಮ್ಮಿ ಗಾಡಿ

ಕಾಡಿನ ಟ್ರಾಮ್ ದಾರಿಗಳಲ್ಲಿ ದಿಮ್ಮಿಗೆ ಪ್ರತ್ಯೇಕ ವ್ಯಾಗನ್ ಅನ್ನುವುದೇ ಇರಬೇಕೆಂದಿಲ್ಲ. ಎರಡು ಗಿಡ್ಡ ಟ್ರಕ್, ಪ್ರತಿಯೊಂದರ ಮೇಲೂ ತಿರುಗುವ ಒಂದು ಅಡ್ಡ ತೊಲೆ. ದಿಮ್ಮಿಯೇ ಎರಡನ್ನೂ ಜೋಡಿಸುತ್ತದೆ. ಮಾದರಿಯಲ್ಲಿ ಟ್ರಕ್ ಒಂದೂಮುಕ್ಕಾಲು ಇಂಚು ಉದ್ದ, ಆಕ್ಸಲ್ ಅಂತರ ಒಂದಿಂಚು. ಕಟ್ಟುವ ರೀತಿ ಮೇಲಿನ ಹಾಗೆಯೇ. ಅಡ್ಡ ತೊಲೆಯನ್ನು ನಡುವೆ 2 ಮಿ.ಮೀ. ಸ್ಕ್ರೂನಿಂದ ಹಿಡಿಸಿ. ಒಂದು ಟ್ರಕ್ಕಿನದು ತಿರುಗಬೇಕು ಆದರೆ ತೂಗಬಾರದು, ಇನ್ನೊಂದರದು ತಿರುಗಲೂ ಬೇಕು, ತೂಗಲೂ ಬೇಕು. ಅಷ್ಟಾದರೆ ಎಂಟು ಗಾಲಿಯೂ ಹಳಿ ಬಿಡುವುದಿಲ್ಲ. ಮುಂದೆ ಮಹಾರಾಷ್ಟ್ರದ ಬಾರ್ಸಿ ಲೈಟ್ ರೈಲ್ವೆಯ ಮಾದರಿಯ ದೊಡ್ಡ ಬೋಗಿ ವ್ಯಾಗನ್ (ತಿರುಗುವ ಎರಡು ಟ್ರಕ್ ಮೇಲೆ ಕೂತದ್ದು) ಮಾಡುವಾಗಲೂ ಇದೇ ನಿಯಮ. ಆ ರೈಲು 1897ರಲ್ಲಿ ಶುರುವಾದದ್ದು. ಅದರ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್ ಎಲ್ಲ ಗಾಡಿ, ಎಂಜಿನಿಗೂ ಆಕ್ಸಲ್ ಒಂದಕ್ಕೆ 5 ಟನ್ ಭಾರ ಅಂತ ಹದ ಕಟ್ಟಿದ್ದರು, ಹಗುರ ಹಳಿಯ ಮೇಲೂ 25 ಅಡಿಯ ವ್ಯಾಗನ್ ಓಡಿದ್ದು ಅದರಿಂದ.

ದಿಮ್ಮಿಗೆ ದಾಸವಾಳದ ಒಣ ಕೊಂಬೆ ಚೆನ್ನ, ತೊಗಟೆ ನಯ. 10ರಿಂದ 13 ಮಿ.ಮೀ. ದಪ್ಪ, 5 ಇಂಚು ಉದ್ದ, ಅಂದರೆ 20 ಅಡಿಯ ಮರ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೆಲವು ದಿನ ಫ್ರೀಜರಿನಲ್ಲಿಡಿ. ಒಳಗೆ ಹುಳ ಇದ್ದರೆ ಸಾಯುತ್ತದೆ. ಇಲ್ಲವಾದರೆ ಹುಳ ಇಡೀ ಲೇಔಟನ್ನೇ ತಿಂದೀತು. ದಾಂಡೇಲಿಯ ಮರದ ಡಿಪೋದಲ್ಲಿ ನೋಡಿದವರಿಗೆ ಗೊತ್ತು, ದಿಮ್ಮಿಯ ತುದಿಗೆ ಇಲಾಖೆಯ ಸುತ್ತಿಗೆ ಮುದ್ರೆ, ನಂಬರ್ ಇರುತ್ತದೆ. ಬರಿಯ ಬಿಳಿ ಚುಕ್ಕೆ, ಗೀಟು ಹಾಕಿದರೂ ಆ ಕಳೆ ಬರುತ್ತದೆ.

ಬಣ್ಣ, ಸರಕು

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಸಾಕು, ತೆಳು ಮಾಡಿ ಎರಡು ಕೋಟ್. ಮಳೆಗಾಲದಲ್ಲಿ ಬಣ್ಣದ ಕೆಲಸ ಬೇಡ, ವಾರ್ನಿಶ್ ಮೇಲೆ ಬೆಳ್ಳಗೆ ಮಂಕು ಕವಿಯುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಧೂಳು ಹಿಡಿದ ನೋಟ ಬೇಕಾದರೆ ಅಂಗಳದ ಕೆಂಪು ಮಣ್ಣನ್ನು ಒಣಗಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಬ್ರಶ್‌ನಿಂದ ಸವರಿ. ಅದಕ್ಕೂ ಮೊದಲು ಪುಡಿಯ ಮೇಲೆ ಅಯಸ್ಕಾಂತ ಆಡಿಸಿ. ಅಂಟುವ ಕಣ ಉಳಿದರೆ ಎಂಜಿನಿನ ಮೋಟಾರಿನೊಳಗೆ ಹೋಗಿ ಕೂರುತ್ತದೆ.

ಸರಕನ್ನು ಗಾಡಿಗೆ ಅಂಟಿಸಬೇಡಿ. ಕಾರ್ಡಿನ ತೆಳು ತುಂಡಿನ ಮೇಲೆ ಕಟ್ಟಿ, ಎತ್ತಿಡುವ ಹಾಗೆ ಮಾಡಿ. ಇಳಿಯುವಾಗ ಹತ್ತಿ, ಹತ್ತುವಾಗ ಉಪ್ಪು. ಹತ್ತಿಯ ಅಂಡಿಗೆಗೆ ಥರ್ಮಾಕೋಲ್ ತುಂಡಿನ ಮೇಲೆ ಟಿಶ್ಯೂ ಕಾಗದ ಹೊದೆಸಿ ಹೊಲಿಗೆ ದಾರ ಸುತ್ತಿ. ನಿಜದ ಗೋಣಿಬಟ್ಟೆಯ ನೇಯ್ಗೆ ಈ ಅಳತೆಗೆ ದಪ್ಪ. ಉಪ್ಪಿಗೆ ಮಾತ್ರ ನಿಜದ ಉಪ್ಪು ಹಾಕಬೇಡಿ. ಜೂನ್ ತಿಂಗಳಲ್ಲಿ ನೀರೊಡೆದು ಗಾಲಿಗೆಲ್ಲ ತುಕ್ಕು ಹಿಡಿಯುತ್ತದೆ. ಬಿಳಿ ರಂಗೋಲಿ ಪುಡಿ ತಂದು, ನೀರು ಬೆರೆಸಿದ ಫೆವಿಕಾಲಿನ ಮೇಲೆ ರಾಶಿ ಉದುರಿಸಿ. ಒಣಗಿದ ಮೇಲೆ ತಲೆಕೆಳಗು ಮಾಡಿ ಕೊಡವಿ, ಉದುರಿದ್ದನ್ನು ಮತ್ತೆ ಡಬ್ಬಿಗೆ ತುಂಬಿಟ್ಟರೆ ಮುಂದಿನ ಗಾಡಿಗಾಯಿತು.